ಓಟದ ಜೋಡಿ: ಬಹುಮಾನಕ್ಕಿಂತ ಮೇವೇ ಭಾರ

ಬೆಳೆದ ಹಳ್ಳಿಕಾರ್ ತಳಿಯ ಹೋರಿ ಸುಮಾರು 340 ಕೆಜಿ ತೂಗುತ್ತದೆ. ಅದರ ಹೊಟ್ಟೆಗೆ ದಿನಕ್ಕೆ 7 ಕೆಜಿ ಒಣಮೇವು, ಒಂದೂವರೆ ಕೆಜಿ ತಿಂಡಿ ಎಂದು ಹಿಡಿಯೋಣ. ಎತ್ತಿನಗಾಡಿ ಓಟಕ್ಕೆ ಒಂಟಿ ಹೋರಿ ಆಗುವುದಿಲ್ಲ, ಜೋಡಿಯೇ ಬೇಕು. ಹಾಗಾಗಿ ವರ್ಷಕ್ಕೆ 5,110 ಕೆಜಿ ಹುಲ್ಲು, 1,095 ಕೆಜಿ ತಿಂಡಿ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಹುಲ್ಲೆಂದರೆ ಹೆಚ್ಚಾಗಿ ರಾಗಿ ಹುಲ್ಲೇ. ಮಳೆಯಾಶ್ರಯದ ಹೊಲದಲ್ಲಿ ಎಕರೆಗೆ ಒಂದೂವರೆ ಟನ್ ಸಿಕ್ಕೀತು ಎಂದರೂ ಒಂದು ಜೋಡಿಗೆ ಸುಮಾರು ಮೂರೂವರೆ ಎಕರೆ ಮೆದೆ ಬೇಕು. ಅಷ್ಟು ಜಮೀನಿಲ್ಲದವರು ಕೊಳ್ಳಬೇಕು. ಕೆಜಿಗೆ 8 ರೂಪಾಯಿಯಂತೆ ಹುಲ್ಲಿಗೆ 40,880 ರೂ. ಹುರುಳಿ, ಬೂಸಾ, ಹಿಂಡಿ ಸೇರಿಸಿ ಸರಾಸರಿ 40 ರೂಪಾಯಿ ಎಂದರೆ ತಿಂಡಿಗೆ 43,800 ರೂ. ಎರಡೂ ಸೇರಿ 84,680. ನಿಮ್ಮೂರಿನ ದರ ಬೇರೆಯಿದ್ದರೆ ಗುಣಿಸಿ ನೋಡಿಕೊಳ್ಳಿ. ಓಟದ ಮುಂಚಿನ ಬೆಣ್ಣೆ, ಮೊಟ್ಟೆಗಳ ಉಪಚಾರವನ್ನು ನಾನು ಸೇರಿಸಿಲ್ಲ. ಗೊರಸು ಸೀಳಾಗಿರುವುದರಿಂದ ಕಾಲಿಗೆ ಎರಡರಂತೆ ಜೋಡಿಗೆ 16 ಲಾಳ ಹೊಡೆಸಬೇಕು. ಅದೂ ಈ ಲೆಕ್ಕದ ಹೊರಗೆ, ಓಟದ ಊರಿಗೆ ಹೋರಿ ಸಾಗಿಸುವ ಗಾಡಿ ಬಾಡಿಗೆಯೂ ಹೊರಗೆ.

ಯಾರೂ ಬರೆದಿಡದ ಖರ್ಚೆಂದರೆ ಮನೆಯವರ ದುಡಿಮೆ. ಮುಂಜಾನೆ ಸಗಣಿ ಬಾಚುವವರು ಹೆಂಗಸರು, ಮೈ ತೊಳೆಯುವವರು ಹುಡುಗರು, ನಡೆದಾಡಿಸಿ ಓಟ ಕಲಿಸುವವರು ಅಪ್ಪನೋ ಚಿಕ್ಕಪ್ಪನೋ. ಎಲ್ಲರದೂ ಸೇರಿ ದಿನಕ್ಕೆ 3 ಗಂಟೆ ಎಂದರೂ ವರ್ಷಕ್ಕೆ 1,095 ಗಂಟೆ, ಅಂದರೆ 137 ಆಳು. 2025-26ರಲ್ಲಿ ರಾಜ್ಯದ ಉದ್ಯೋಗ ಖಾತರಿ ಕೂಲಿ 370 ರೂಪಾಯಿ. ಆ ದರದಲ್ಲಿ 50,690 ರೂ. ಒಟ್ಟು ಖರ್ಚು 1,35,370ಕ್ಕೆ ಏರುತ್ತದೆ.

ಮನೆಮಂದಿಯೆಲ್ಲ ಪ್ರಾಣಿ ಸಾಕಿ ಓಡಿಸುವುದು ನಮ್ಮಲ್ಲಷ್ಟೇ ಇಲ್ಲ. ಅಲಾಸ್ಕಾದಲ್ಲಿ ನಾಯಿಗಳು ಹಿಮಗಾಡಿ ಎಳೆಯುವ ಇಡಿಟರಾಡ್ ಓಟವನ್ನೇ ನೋಡಿ. ಸೀವಿ ಮನೆತನದ ತಾತ ಡ್ಯಾನ್ 1973ರ ಮೊದಲ ಓಟದಲ್ಲೇ ಇದ್ದರು. ಮಗ ಮಿಚ್ 3 ಸಲ ಗೆದ್ದರೆ, ಮೊಮ್ಮಗ ಡಲಾಸ್ 2024ರ ಹೊತ್ತಿಗೆ 6 ಸಲ ಗೆದ್ದಿದ್ದರು. ಸುಮಾರು 1,600 ಕಿಮೀ ದೂರದ ಆ ಓಟದಲ್ಲಿ ಒಂದು ನಾಯಿಗೆ ದಿನಕ್ಕೆ 10,000 ಕ್ಯಾಲೊರಿಯವರೆಗೂ ಬೇಕಂತೆ. ಅಲ್ಲಿಯೂ ಹೊಟ್ಟೆಯದೇ ದೊಡ್ಡ ಖರ್ಚು!

ನಮ್ಮ ಜೋಡಿಯ ಖರ್ಚು ಹಾಲಿನಿಂದ ಹುಟ್ಟುತ್ತದೆಯೇ? ಹಳ್ಳಿಕಾರ್ ಹಸು ಒಂದು ಸೂಲಿಗೆ ಸರಾಸರಿ 540 ಕೆಜಿ ಹಾಲು ಕೊಡುತ್ತದೆ. ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನವೂ ಸೇರಿ ಲೀಟರಿಗೆ 40 ಎಂದುಕೊಂಡರೆ ಸುಮಾರು 21,000 ರೂ. ಕರು ಕುಡಿದು ಉಳಿದರೆ ಮಾತ್ರ ಅಷ್ಟು. ಬಹುಮಾನ ನೆಚ್ಚಿಕೊಳ್ಳುವ ಮಾತೇ ಇಲ್ಲ: ಹತ್ತಾರು ಜೋಡಿ ಬಂದ ಕಡೆ ಗೆಲ್ಲುವುದು ಎರಡು ಮೂರು. ದುಡ್ಡು ಬರುವುದು ಜಾತ್ರೆಯಲ್ಲಿ. ಸಂಕ್ರಾಂತಿ ಆಸುಪಾಸು ಕೆಂಗಲ್ಲಿನ ಅಯ್ಯನಗುಡಿ ಜಾತ್ರೆ, ಚೈತ್ರದ ಸುಮಾರಿಗೆ ಮಾಗಡಿ ರಂಗನಾಥನ ಜಾತ್ರೆ. ಅಲ್ಲಿ ಬೆಲೆ ಕಟ್ಟುವುದು ಹಲ್ಲು ಹಿಡಿದು ನೋಡಿ: ಹಾಲುಹಲ್ಲೋ, ಎರಡಲ್ಲೋ, ನಾಲ್ಕಲ್ಲೋ, ಬಾಯಿ ಕೂಡಿದೆಯೋ. ಹಾಲುಹಲ್ಲಿನ ಜೋಡಿ ಕರು ತಂದು 3 ವರ್ಷ ಸಾಕಿದರೆ, ಎಳೆಯದೆಂದು ಮೂರರಲ್ಲಿ ಎರಡು ಪಾಲು ಮೇವು ಲೆಕ್ಕ ಹಾಕಿದರೂ, ಕೈಯಿಂದ 1,69,360 ರೂ. ಹೋಗಿರುತ್ತದೆ. ಕರು ಕೊಂಡ ದುಡ್ಡಿನ ಮೇಲೆ ಇಷ್ಟು ಹುಟ್ಟದಿದ್ದರೆ ನಷ್ಟ. ಓಟದಲ್ಲಿ ಹೆಸರು ಮಾಡಿದ ಜೋಡಿಗೆ ಅದು ಹುಟ್ಟುತ್ತದೆ, ಹೆಸರಿಲ್ಲದ್ದಕ್ಕೆ ಕಷ್ಟ. ಬೀಜದ ಹೋರಿಯದು ಬೇರೆಯೇ ಕತೆ. 2021ರ ನವೆಂಬರಿನ ಬೆಂಗಳೂರು ಕೃಷಿಮೇಳದಲ್ಲಿ ಕೃಷ್ಣ ಎಂಬ ಹಳ್ಳಿಕಾರ್ ಹೋರಿಗೆ 1 ಕೋಟಿ ಬೆಲೆ ಹೇಳಿದ್ದರು, ಅದರ ವೀರ್ಯ ಡೋಸಿಗೆ 1,000 ರೂ. ಹೇಳಿದ ಬೆಲೆಯೇ ಕೊಟ್ಟ ಬೆಲೆಯಲ್ಲ ಎಂಬುದು ಜಾತ್ರೆ ಸುತ್ತಿದವರಿಗೆ ಗೊತ್ತು.

2014ರ ಮೇ 7ರಂದು ಸುಪ್ರೀಂ ಕೋರ್ಟ್ ಓಟ ನಿಲ್ಲಿಸಿದಾಗ ಈ ಲೆಕ್ಕವೇ ಮುರಿದಿತ್ತು. ರಾಜ್ಯ 2017ರಲ್ಲಿ ಕಾನೂನು ತಿದ್ದಿತು, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಆದರೆ ಹಿಂಸೆಗೆ ವಿನಾಯಿತಿ ಸಿಕ್ಕಿಲ್ಲ. ಪ್ರಾಣಿಹಿಂಸೆ ತಡೆಯುವ 1960ರ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ, ಜೋಡಿಯ ಒಂದು ಹೊತ್ತಿನ ಮೇವಿಗೂ ಸಾಲದು. ಮೊಳೆ ಹೊಡೆದ ಕೋಲು ಹಿಡಿದವನನ್ನು ಈ ದಂಡ ತಡೆಯುವುದಿಲ್ಲ. ಅಂಥವನ ಜೋಡಿಯನ್ನು ಓಟದಿಂದಲೇ ಹೊರಗಿಡುವ ಕೆಲಸವನ್ನು ಓಟ ನಡೆಸುವ ಸಮಿತಿಗಳೇ ಮಾಡಬೇಕು.