ತುಳಿಯೋದೋ, ಓಡಿಸೋದೋ?

ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ನನ್ನ ತಮ್ಮನನ್ನು ಹಿಂದೆ ಹಾಕಿದೆ. ಅವನದು ಒಂಬತ್ತು ಕೆ.ಜಿ.ಯ ಕಾರ್ಬನ್ ಸೈಕಲ್ಲು, ಬಿಗಿ ಚಡ್ಡಿ, ಕಪ್ಪು ಕನ್ನಡಕ. ಹ್ಯಾಂಡಲ್ ಮೇಲೆ ಬಗ್ಗಿ, ಉಸಿರನ್ನು ಎಣಿಸಿಕೊಂಡು ಬಿಡುತ್ತಾ ಹತ್ತುತ್ತಿದ್ದ. ನನ್ನದು ಚೂಡಿದಾರ, ಕ್ಯಾರಿಯರಿನಲ್ಲಿ ತೆಂಗಿನಕಾಯಿ, ಹೂವಿನ ಪೊಟ್ಟಣ. ವಯಸ್ಸು ಐವತ್ತೇಳು, ಎಡಮಂಡಿ ಸವೆಯಲು ಶುರುವಾಗಿದೆ. ಪಕ್ಕದಲ್ಲೇ ದಾಟುವಾಗ ಬೆಲ್ ಬೇರೆ ಹೊಡೆದೆ. ಅದೊಂದು ಬೇಕಿರಲಿಲ್ಲ ಅಂತ ಆಮೇಲೆ ಅನ್ನಿಸಿತು.

ಮೇಲೆ ಮಹಿಷಾಸುರನ ಪ್ರತಿಮೆಯ ಹತ್ತಿರ ಕಾಫಿ ಕುಡಿಯುತ್ತಾ ಅವನು ಹೇಳಿದ್ದು ಒಂದೇ ಮಾತು: "ಅಕ್ಕ, ನೀನು ಬಂದಿದ್ದು ಸಂತೋಷ. ಸೈಕಲ್ ತುಳ್ಕೊಂಡು ಬಂದೆ ಅಂತ ಮಾತ್ರ ಯಾರ ಹತ್ರಾನೂ ಹೇಳ್ಬೇಡ."

ನನ್ನದು ಬ್ಯಾಟರಿ ಸೈಕಲ್ಲು. ಹಿಂದಿನ ಚಕ್ರದ ಗುಂಬದಲ್ಲಿ ಪುಟ್ಟ ಮೋಟಾರು, ಫ್ರೇಮಿನಲ್ಲಿ ಬ್ಯಾಟರಿ. ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿರುವವಳಿಗೆ ಅವನ ಮಾತು ಮುಳ್ಳಿನ ಹಾಗೆ ಕೂತುಬಿಟ್ಟಿತು. ಹತ್ತಿದ್ದು ನಾನೋ, ಬ್ಯಾಟರಿಯೋ? ಇದಕ್ಕೆ ಜಗಳ ಯಾಕೆ, ಲೆಕ್ಕವೇ ಹೇಳುತ್ತದೆ.

ನಾನು 65 ಕೆ.ಜಿ., ಸೈಕಲ್ಲು 25. ಒಟ್ಟು 90. ಬೆಟ್ಟದ ಬುಡದಿಂದ ಮೇಲಕ್ಕೆ 250 ಮೀಟರ್ ಅಂತ ಇಟ್ಟುಕೊಳ್ಳಿ. ಇಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಏರಿಸಲು ಸುಮಾರು 2,20,000 ಜೂಲ್ ಬೇಕು, ಬ್ಯಾಟರಿಯವರ ಭಾಷೆಯಲ್ಲಿ 61 ವ್ಯಾಟ್-ಅವರ್. ಹಳೇ ಕಾಲದ ಅರವತ್ತು ವ್ಯಾಟಿನ ಬಲ್ಬು ಒಂದು ಗಂಟೆ ಉರಿದರೆ ಆಗುವಷ್ಟು ಖರ್ಚು. ಬೆವರು ಸುರಿಸಿ ಬೆಟ್ಟ ಹತ್ತುವುದರ ಬೆಲೆ ಇಷ್ಟೇ ಅಂದರೆ ನನ್ನ ಮಕ್ಕಳು ಕ್ಲಾಸಿನಲ್ಲಿ ನಂಬುವುದೇ ಇಲ್ಲ.

ಕಷ್ಟ ಇರುವುದು ಅದನ್ನು ಎಷ್ಟು ಹೊತ್ತಿನಲ್ಲಿ ಕೊಡಬೇಕು ಅನ್ನುವುದರಲ್ಲಿ. ನೂರು ಮೀಟರಿಗೆ ಐದು ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಹೋಗಲು, ಟೈರಿನ ಎಳೆತವನ್ನೂ ಸೇರಿಸಿದರೆ, ಹತ್ತಿರಹತ್ತಿರ 145 ವ್ಯಾಟ್ ಬೇಕಾಗುತ್ತದೆ. ನನ್ನ ಕಾಲುಗಳು ನಿಲ್ಲದೆ ಕೊಡಬಲ್ಲದ್ದು ಎಂಬತ್ತು ವ್ಯಾಟ್, ಒಳ್ಳೆಯ ದಿನವಾದರೆ. ಎಂಬತ್ತರಲ್ಲೇ ಹತ್ತುತ್ತೇನೆ ಅಂತ ಹಟ ಹಿಡಿದರೆ ವೇಗ ಐದಾರು ಕಿಲೋಮೀಟರಿಗೆ ಇಳಿಯುತ್ತದೆ. ಆ ವೇಗದಲ್ಲಿ ಸೈಕಲ್ಲು ನೆಟ್ಟಗೆ ನಿಲ್ಲುವುದಿಲ್ಲ, ಹ್ಯಾಂಡಲ್ ತೂರಾಡುತ್ತದೆ, ಹಿಂದಿನಿಂದ ಬಸ್ಸು ಹಾರನ್ ಹೊಡೆಯುತ್ತದೆ, ಪಕ್ಕದಲ್ಲಿ ವಾಕಿಂಗ್ ಹೊರಟ ತಾತ ಮುಂದೆ ಹೋಗುತ್ತಾರೆ. ಇಳಿದು ತಳ್ಳುವುದೊಂದೇ ದಾರಿ. ಆ ಕೊರತೆಯ ಅರವತ್ತೈದು ವ್ಯಾಟನ್ನು ಮೋಟಾರು ತುಂಬಿಕೊಡುತ್ತದೆ. ಅಂದರೆ ಬೆಟ್ಟದ ಅರ್ಧಕ್ಕಿಂತ ಒಂಚೂರು ಹೆಚ್ಚು ನನ್ನದು, ಮಿಕ್ಕಿದ್ದು ಅದರದ್ದು.

ಈ ಪಾಲಿನ ಯೋಚನೆ ಜಪಾನಿನವರದು. 1993ರಲ್ಲಿ ಯಮಾಹಾ ಕಂಪನಿ ಅಲ್ಲಿ ಮೊದಲ ಇಂಥ ಸೈಕಲ್ಲನ್ನು ಮಾರಾಟಕ್ಕೆ ತಂದಾಗ, ಸವಾರ ಒಂದು ಪಾಲು ಹಾಕಿದರೆ ಮೋಟಾರೂ ಹೆಚ್ಚೆಂದರೆ ಒಂದು ಪಾಲು ಹಾಕಬಹುದು ಅನ್ನುವುದು ಕಟ್ಟು. 2008ರಲ್ಲಿ ಅದನ್ನು ಎರಡು ಪಾಲಿಗೆ ಏರಿಸಿದರು. ನಮ್ಮ ಕಡೆ ಬೆಳೆಯಲ್ಲಿ ಪಾಲು ಅಂತ ಮಾತಾಡಿಕೊಂಡು ಗದ್ದೆಯನ್ನು ವಾರಕ್ಕೆ ಕೊಡುತ್ತಾರಲ್ಲ, ಹಾಗೆ. ವಾರಕ್ಕೆ ಮಾಡುವವನನ್ನು ರೈತನಲ್ಲ ಅಂತ ಯಾರೂ ಅನ್ನುವುದಿಲ್ಲ.

ತಮ್ಮ ಇದನ್ನು ಒಪ್ಪಲಿಲ್ಲ. "ಸಹಾಯ ತಗೊಂಡ ಮೇಲೆ ಸಹಾಯಾನೇ" ಅಂದ. ಸರಿ, ನಿನ್ನ ಗೇರು? ಟೂರ್ ದ ಫ್ರಾನ್ಸ್ ಶುರು ಮಾಡಿದ ಆನ್ರಿ ದೆಗ್ರಾಂಜ್‌ಗೆ ಗೇರು ಕಂಡರಾಗುತ್ತಿರಲಿಲ್ಲ. ಅದೆಲ್ಲ ನಲವತ್ತೈದು ದಾಟಿದವರಿಗೆ ಅಂತ 1902ರಲ್ಲೇ ಬರೆದಿದ್ದ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್‌ಗೆ ಆ ರೇಸಿನಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಆಲ್ಪ್ಸ್ ಹತ್ತುವ ಮೊದಲು ಸವಾರರು ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಳ್ಳುತ್ತಿದ್ದರು, ಇನ್ನೊಂದು ಬದಿಯಲ್ಲಿ ಬೇರೆ ಅಳತೆಯ ಹಲ್ಲುಚಕ್ರ ಇರುತ್ತಿತ್ತು. ಇಪ್ಪತ್ತೆರಡು ಗೇರಿನ ಸೈಕಲ್ಲು ಇಟ್ಟುಕೊಂಡು ನನಗೆ ಹೇಳುತ್ತೀಯಲ್ಲ ಅಂತ ಕೇಳಿದೆ.

ಕೇಳಿದ್ದೇನೋ ಕೇಳಿದೆ, ಆದರೆ ಮೇಷ್ಟ್ರು ಕೆಲಸ ಮಾಡುವವಳು ಸುಳ್ಳು ಹೇಳಬಾರದು. ಗೇರು ಒಂದು ಜೂಲನ್ನೂ ಸೇರಿಸುವುದಿಲ್ಲ, ನಿಮ್ಮ ಶಕ್ತಿಯನ್ನೇ ಬೇರೆ ಚಿಲ್ಲರೆಗೆ ಮುರಿದು ಕೊಡುತ್ತದೆ. ಮೋಟಾರು ಹೊರಗಿನಿಂದ ತಂದು ಹಾಕುತ್ತದೆ. ಹಿಂದೆ ಡೈನಮೊ ಇತ್ತಲ್ಲ, ಟೈರಿಗೆ ಒತ್ತಿದರೆ ಗುರ್ ಅನ್ನುತ್ತಾ ನಮ್ಮ ಮೂರು ವ್ಯಾಟ್ ಕಿತ್ತುಕೊಂಡು ದೀಪ ಉರಿಸುತ್ತಿತ್ತು. ಈ ಮೋಟಾರು ಅದರದ್ದೇ ಉಲ್ಟಾ. ಡೈನಮೊ ಇಟ್ಟುಕೊಂಡವರನ್ನು ಆಗ ಯಾರೂ ಮಹಾ ಸೈಕಲಿಗರು ಅಂತ ಹೊಗಳಲಿಲ್ಲ ಅನ್ನುವುದು ಬೇರೆ ಮಾತು.

ರೇಸಿನಲ್ಲಿ ಮಾತ್ರ ನಾನು ತಮ್ಮನ ಕಡೆ. 2016ರಲ್ಲಿ ಬೆಲ್ಜಿಯಂನ ಜೋಲ್ಡರ್‌ನಲ್ಲಿ ಸೈಕ್ಲೋಕ್ರಾಸ್ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಒಬ್ಬಳು ಯುವ ಸವಾರಳ ಸೈಕಲ್ಲಿನ ಸೀಟಿನ ಕೊಳವೆಯೊಳಗೆ ಬಚ್ಚಿಟ್ಟ ಮೋಟಾರು ಸಿಕ್ಕಿತು. ಆರು ವರ್ಷ ನಿಷೇಧ ಬಿತ್ತು. ತಮಾಷೆ ಅಂದರೆ, ಮೂರೇ ವರ್ಷದ ನಂತರ ಆ ನಿಷೇಧ ಹಾಕಿದ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆಯೇ ಮೋಟಾರು ಇರುವ ಮೌಂಟನ್ ಬೈಕುಗಳಿಗೇ ಬೇರೆ ವಿಶ್ವ ಚಾಂಪಿಯನ್‌ಷಿಪ್ ಮಾಡಿತು, ಕೆನಡಾದಲ್ಲಿ. ಮೋಟಾರಿಗಿಂತ ಬಚ್ಚಿಟ್ಟಿದ್ದೇ ದೊಡ್ಡ ತಪ್ಪು ಅಂತಾಯಿತು. ನನ್ನದು ಎಲ್ಲರ ಕಣ್ಣಿಗೆ ಕಾಣುವ ಹಾಗೆ, ಇಡ್ಲಿ ಕುಕ್ಕರಿನ ಗಾತ್ರಕ್ಕೆ ಕೂತಿದೆ.

ಹತ್ತನೇ ವಯಸ್ಸಿನಲ್ಲಿ ನಂಜನಗೂಡಿನಲ್ಲಿ ನಾನು ಕಲಿತದ್ದು ಗಂಟೆ ಬಾಡಿಗೆಯ ಗಂಡಸರ ಸೈಕಲ್ಲಿನಲ್ಲಿ. ಸೀಟು ಎಟುಕುತ್ತಿರಲಿಲ್ಲ. ಬಾರಿನ ಕೆಳಗೆ ಕಾಲು ತೂರಿಸಿ, ಸೊಂಟ ಓರೆ ಮಾಡಿ ಒಳಪೆಡ್ಲು ಹೊಡೆಯುತ್ತಿದ್ದೆ. ಸೀಟಿನ ಮೇಲೆ ಕೂತು ಹೋಗುವ ಹುಡುಗರು ಆಗಲೇ "ಅದೇನು ಸೈಕಲ್ ತುಳಿಯೋದಾ" ಅಂತ ಅಣಕಿಸುತ್ತಿದ್ದರು. ಹಾಗಾಗಿ ಈ ಜಗಳ ನನಗೆ ಹೊಸದಲ್ಲ.

ಅವರ ಅಣಕದಲ್ಲೇ ಒಂದು ಒಳ್ಳೆಯ ಮಾತಿದೆ ನೋಡಿ. ನಮ್ಮ ಸೀಮೆಯಲ್ಲಿ ಸೈಕಲ್ಲನ್ನು ತುಳಿಯುತ್ತಾರೆ, ಗಾಡಿಯನ್ನು ಓಡಿಸುತ್ತಾರೆ. (ಬೇರೆ ಕಡೆ ಹೊಡೆಯುತ್ತಾರೆ, ಬಿಡುತ್ತಾರೆ, ಅವರ ಮಾತು ಅವರಿಗೆ.) ನನಗೆ ಆ ಕ್ರಿಯಾಪದವೇ ತೀರ್ಪು. ತುಳಿದರೆ ಮಾತ್ರ ಮುಂದೆ ಹೋಗುತ್ತದೆಯೋ, ಸೈಕಲ್ಲು. ಕಾಲು ಸುಮ್ಮನಿಟ್ಟರೂ ಹೋಗುತ್ತದೆಯೋ, ಗಾಡಿ. ಯುರೋಪಿನ ಕಾನೂನೂ ಹೀಗೇ ಯೋಚಿಸುತ್ತದೆ: 250 ವ್ಯಾಟ್ ಮೀರದ ಮೋಟಾರು, ತುಳಿಯುವುದು ನಿಂತರೆ ಅದೂ ನಿಲ್ಲಬೇಕು, ಗಂಟೆಗೆ 25 ಕಿ.ಮೀ. ಮುಟ್ಟಿದ ಮೇಲೆ ಸಹಾಯ ಬಂದ್. ನಮ್ಮ ದೇಶದಲ್ಲೂ ಅಂಕಿಗಳು ಹೆಚ್ಚುಕಡಿಮೆ ಅವೇ. ಆ ಮಿತಿಯೊಳಗಿದ್ದರೆ ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ. ಆದರೆ ಇಲ್ಲಿ ಮಾರುವ ಬಹಳಷ್ಟು ಬ್ಯಾಟರಿ ಸೈಕಲ್ಲುಗಳಿಗೆ ಸ್ಕೂಟರಿನ ಹಾಗೆ ತಿರುಗಿಸುವ ಥ್ರಾಟಲ್ ಇರುತ್ತದೆ. ನನ್ನದಕ್ಕೂ ಇದೆ. ಅಂಗಡಿಯ ಹುಡುಗ ಮೊದಲು ತೋರಿಸಿದ್ದೇ ಅದನ್ನು: "ಆಂಟಿ, ತುಳಿಯೋ ತಾಪತ್ರಯಾನೇ ಇಲ್ಲ."

ಒಂದು ತಪ್ಪೊಪ್ಪಿಗೆಯೂ ಇದೆ. ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಮೋಟಾರಿಗೆ ಗೊತ್ತಾಗುವುದು ಪೆಡಲು ತಿರುಗುತ್ತಿದೆಯೋ ಇಲ್ಲವೋ ಅನ್ನುವುದಷ್ಟೇ. ಎಷ್ಟು ಒತ್ತಿ ತುಳಿಯುತ್ತಿದ್ದೀರಿ ಅಂತ ಅಳೆಯುವ ಸೆನ್ಸರು ದುಬಾರಿ ಸೈಕಲ್ಲುಗಳಿಗೆ. ಹಾಗಾಗಿ ಹಗುರ ಗೇರಿಗೆ ಹಾಕಿ, ಕಾಲನ್ನು ಗಾಳಿಯಲ್ಲಿ ಆಡಿಸಿದ ಹಾಗೆ ಆಡಿಸಿದರೂ ಅದು ಪಾಪ ನಂಬಿ ಎಳೆಯುತ್ತದೆ. ಸ್ಕೂಲಿಂದ ಸುಸ್ತಾಗಿ ಬರುವ ಸಂಜೆಗಳಲ್ಲಿ ಹೀಗೆ ತುಳಿಯುವ ನಾಟಕ ಆಡಿದ್ದೇನೆ. ತಮ್ಮ ಒಮ್ಮೆ ಎದೆಬಡಿತ ಅಳೆಯುವ ತನ್ನ ಎದೆಪಟ್ಟಿಯನ್ನು ನನಗೆ ಕಟ್ಟಿ ಪರೀಕ್ಷೆ ಮಾಡಿದ. ಅವನ ಹಳೇ ಗೇರ್ ಸೈಕಲ್ಲಿನಲ್ಲಿ ಬೆಟ್ಟ ಹತ್ತಿದಾಗ ನನ್ನ ಎದೆಬಡಿತ 155 ಮುಟ್ಟಿತು, ಮೂರು ಕಡೆ ಇಳಿದೆ. ನನ್ನದರಲ್ಲಿ ಪ್ರಾಮಾಣಿಕವಾಗಿ ತುಳಿದಾಗ 128, ಎಲ್ಲೂ ಇಳಿಯಲಿಲ್ಲ. ಥ್ರಾಟಲ್ ತಿರುಗಿಸಿಕೊಂಡು ಹೋದಾಗ 90, ಧಾರಾವಾಹಿ ನೋಡುವಾಗಿನದಕ್ಕಿಂತ ಸ್ವಲ್ಪ ಹೆಚ್ಚು.

ಮಧ್ಯದ ಆ 128ರ ಬಗ್ಗೆ ದೊಡ್ಡವರೂ ತಲೆ ಕೆಡಿಸಿಕೊಂಡಿದ್ದಾರೆ. ಯುರೋಪಿನ ಏಳು ನಗರಗಳ ಸವಾರರನ್ನು ವಿಚಾರಿಸಿ 2019ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಬ್ಯಾಟರಿ ಸೈಕಲಿಗರಿಗೂ ಮಾಮೂಲಿ ಸೈಕಲಿಗರಿಗೂ ವಾರದಲ್ಲಿ ಆಗುವ ಒಟ್ಟು ವ್ಯಾಯಾಮ ಹೆಚ್ಚುಕಡಿಮೆ ಒಂದೇ. ಕಾರಣ ಸರಳ: ಬ್ಯಾಟರಿ ಇರುವವರು ಹೆಚ್ಚು ದೂರ ಹೋಗುತ್ತಾರೆ. ನನ್ನ ವಿಷಯದಲ್ಲಂತೂ ಇದು ನಿಜ. ಮೊದಲು ಸ್ಕೂಟರಿನಲ್ಲಿ ಹೋಗುತ್ತಿದ್ದವಳು ಈಗ ದಿನಾ ಹದಿನಾಲ್ಕು ಕಿಲೋಮೀಟರ್ ಇದರಲ್ಲೇ ಹೋಗಿಬರುತ್ತೇನೆ. ತಮ್ಮನ ಕಾರ್ಬನ್ ಸೈಕಲ್ಲು ಭಾನುವಾರ ಮಾತ್ರ ಗೋಡೆಯ ಮೊಳೆಯಿಂದ ಇಳಿಯುತ್ತದೆ, ಆಫೀಸಿಗೆ ಅವನು ಹೋಗುವುದು ಕಾರಿನಲ್ಲಿ. ಇದನ್ನು ಅವನಿಗೆ ಇನ್ನೂ ಹೇಳಿಲ್ಲ, ಹಬ್ಬಕ್ಕೆ ಇಟ್ಟಿದ್ದೇನೆ.

ನಿಜವಾದ ಸೈಕಲ್ ಸವಾರಿ ಅಂದರೆ ಏನು ಅಂತ ನನಗೆ ಚೆನ್ನಾಗಿ ತಿಳಿದದ್ದು ಬ್ಯಾಟರಿ ಕೈಕೊಟ್ಟ ದಿನ. ಕೊಂಡಾಗ ಒಂದು ಚಾರ್ಜಿಗೆ ಅರವತ್ತು ಕಿಲೋಮೀಟರ್ ಅಂದಿದ್ದರು, ನನಗೆ ಮೂವತ್ತು ದಾಟಿದ್ದು ಅಪರೂಪ. ಎರಡು ದಿನ ಸ್ಕೂಲಿಗೆ ಓಡಾಡಿ ಚಾರ್ಜ್ ಹಾಕದೆ ಮೂರನೇ ದಿನ ಬೆಟ್ಟಕ್ಕೆ ಹೊರಟಿದ್ದೆ. ಸಮತಟ್ಟಿನಲ್ಲಿ ಎರಡು ಗೆರೆ ತೋರಿಸುತ್ತಿದ್ದ ಬ್ಯಾಟರಿ, ಏರು ಬಂದ ಕೂಡಲೇ ಒಂದಾಯಿತು, ನಂದಿ ವಿಗ್ರಹದ ಕಡೆ ತಿರುಗುವ ಜಾಗಕ್ಕೆ ಸ್ವಲ್ಪ ಮುಂಚೆ ಪರದೆಯೇ ಕಪ್ಪಾಯಿತು. ಬೆನ್ನ ಹಿಂದೆ ಇದ್ದ ಕೈಯನ್ನು ಯಾರೋ ಥಟ್ಟನೆ ತೆಗೆದ ಹಾಗೆ. ಇಪ್ಪತ್ತೈದು ಕೆ.ಜಿ. ಕಬ್ಬಿಣ ನನ್ನ ತೊಡೆಯ ಮೇಲೆ ಕೂತಿತು. ನೂರು ಮೀಟರ್ ತುಳಿದೆ, ಎಡಮಂಡಿ ಕಟಕಟ ಅಂದಿತು, ಇಳಿದು ತಳ್ಳಿದೆ. ಬೆಟ್ಟದ ಮೆಟ್ಟಿಲಿಗೆಲ್ಲ ಅರಿಸಿನ ಕುಂಕುಮ ಹಚ್ಚಿಕೊಂಡು ನಂದಿಯವರೆಗೆ ಬಂದಿದ್ದ ಹೆಂಗಸೊಬ್ಬರು ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡಿ "ಹರಕೆ ಏನಮ್ಮ?" ಅಂತ ಕೇಳಿದರು. ಹೌದು ಅಂದುಬಿಟ್ಟೆ.

ಹೋದ ತಿಂಗಳು ಹಿಂದಿನ ಚಕ್ರ ಪಂಕ್ಚರ್ ಆಯಿತು. ಅಗ್ರಹಾರದ ಹತ್ತಿರ ಮರದ ಕೆಳಗೆ ಪಂಪು, ನೀರಿನ ಬಾಂಡ್ಲಿ ಇಟ್ಟುಕೊಂಡು ಕೂರುವ ಯಜಮಾನರ ಹತ್ತಿರ ತಳ್ಳಿಕೊಂಡು ಹೋದೆ, ತಮ್ಮನೂ ಜೊತೆಗಿದ್ದ. ಮೋಟಾರು ಇರುವ ಚಕ್ರ, ವೈರು ಬಿಡಿಸಬೇಕು, ನಟ್ಟು ದಪ್ಪ. ಅವರು ಒಂದು ಸುತ್ತು ಬಂದು ನೋಡಿ, "ಇದು ಗಾಡಿ ರೇಟಮ್ಮ, ನೂರು" ಅಂದರು.

ನಾನು ಬಾಯಿ ತೆಗೆಯುವಷ್ಟರಲ್ಲಿ ತಮ್ಮ ಮುಂದೆ ಬಂದ. "ಎಲ್ಲಿ ಗಾಡಿ ಸ್ವಾಮಿ? ಪೆಡಲ್ ಇದೆ, ಚೈನ್ ಇದೆ, ದಿನಾ ತುಳೀತಾಳೆ. ಸೈಕಲ್ ಇದು, ಸೈಕಲ್ ರೇಟ್ ಹಾಕಿ."

ಯಜಮಾನರು ಪೆಡಲನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿದರು. ಎಂಬತ್ತಕ್ಕೆ ಇಳಿಸಿದರು.