ಪಾಸ್‌ವರ್ಡ್ ಸಾಲದು, ನಾಮಿನಿ ಬೇಕು

ಬ್ಯಾಂಕ್ ಖಾತೆಗೆ, ಎಲ್‌ಐಸಿ ಪಾಲಿಸಿಗೆ ನಾಮಿನಿ ಬರೆಸಬೇಕೆಂಬುದು ಎಲ್ಲರಿಗೂ ಗೊತ್ತು. ಆ ಪಾಲಿಸಿಯ ರಸೀದಿ, ಮ್ಯೂಚುವಲ್ ಫಂಡಿನ ಲೆಕ್ಕ, ಮನೆಮಂದಿಯ ಅಷ್ಟೂ ಫೋಟೊ ಇರುವ ಗೂಗಲ್ ಖಾತೆಗೂ ಹಾಗೆ ಹೆಸರು ಬರೆಸಬಹುದೆಂಬುದು ಮಾತ್ರ ಹೆಚ್ಚಿನವರ ಗಮನಕ್ಕೇ ಬಂದಿಲ್ಲ. ಗೂಗಲ್ ಈ ಸೌಲಭ್ಯ ಕೊಟ್ಟಿದ್ದು 2013ರಲ್ಲಿ. ಸೆಟ್ಟಿಂಗ್ಸ್‌ನಲ್ಲಿ 'ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್' ತೆರೆದು, ಖಾತೆ ಎಷ್ಟು ಕಾಲ ಸದ್ದಿಲ್ಲದೆ ಬಿದ್ದಿದ್ದರೆ ನಾವಿಲ್ಲವೆಂದು ತಿಳಿಯಬೇಕೆಂಬುದನ್ನು 3ರಿಂದ 18 ತಿಂಗಳೊಳಗೆ ಗೊತ್ತುಮಾಡಬೇಕು. 10 ಜನರವರೆಗೆ ಹೆಸರಿಸಬಹುದು. ಹೆಂಡತಿಗೆ ಫೋಟೊ ಸಿಗಲಿ, ಮೇಲ್ ಯಾರಿಗೂ ಬೇಡ ಎಂದೂ ಹೇಳಬಹುದು. ಏನೂ ಹೇಳದೆ ಹೋದರೆ, 2 ವರ್ಷ ಮುಟ್ಟದ ಖಾತೆಯನ್ನು ಒಳಗಿರುವುದರ ಸಮೇತ ಅಳಿಸುವ ಹಕ್ಕನ್ನು ಕಂಪನಿ ಇಟ್ಟುಕೊಂಡಿದೆ. ಐಫೋನಿನಲ್ಲೂ 2021ರ ಕೊನೆಯಿಂದ 'ಲೆಗಸಿ ಕಾಂಟ್ಯಾಕ್ಟ್' ಇದೆ.

ಇಷ್ಟೆಲ್ಲ ಏಕೆ, ಪಾಸ್‌ವರ್ಡುಗಳನ್ನು ಡೈರಿಯಲ್ಲಿ ಬರೆದಿಟ್ಟರಾಯಿತಲ್ಲ ಎನ್ನಬಹುದು. ಆಗದು. ಪಾಸ್‌ವರ್ಡ್ ಬದಲಾಗುತ್ತಿರುತ್ತದೆ, ಡೈರಿ ತಿದ್ದುವವರು ಯಾರು? ಸರಿಯಾಗಿದ್ದರೂ ಓಟಿಪಿ ಹೋಗುವುದು ತೀರಿಕೊಂಡವರ ಮೊಬೈಲಿಗೆ. 90 ದಿನ ಬಳಸದ ಪ್ರಿಪೇಯ್ಡ್ ಸಿಮ್ ಬಂದ್ ಆಗಬಹುದು. ಆಮೇಲೆ ಆ ನಂಬರ್ ಬೇರೆ ಯಾರದೋ ಪಾಲು. ಹಾಗಾಗಿ ಮನೆಯವರು ಮೊದಲು ಉಳಿಸಿಕೊಳ್ಳಬೇಕಾದ್ದು ನಂಬರನ್ನು. ಹಾಗೆಂದು ಆ ಓಟಿಪಿ ಹಾಕಿ ಹಣ ತೆಗೆಯುವಂತಿಲ್ಲ. ಮರಣ ಪ್ರಮಾಣಪತ್ರ ಕೊಟ್ಟು ಬ್ಯಾಂಕಿನಲ್ಲಿ ಕ್ಲೇಮ್ ಮಾಡುವುದೇ ದಾರಿ. ಇಲ್ಲವಾದರೆ ಉಳಿದ ವಾರಸುದಾರರು ಕೋರ್ಟಿಗೆ ಎಳೆದಾರು.

ವಾರಸುದಾರರಿಗೆ ಎಲ್ಲವೂ ಸಿಗಲಿ, ಆರಿಸುವ ಗೋಜೇಕೆ ಎನ್ನುವವರೂ ಇದ್ದಾರೆ. ಅವರ ಪರವಾಗಿ ಒಂದು ದೊಡ್ಡ ತೀರ್ಪೇ ಇದೆ. 2012ರಲ್ಲಿ ಬರ್ಲಿನ್‌ನಲ್ಲಿ 15 ವರ್ಷದ ಹುಡುಗಿ ಮೆಟ್ರೊ ರೈಲಿಗೆ ಸಿಕ್ಕಿ ಸತ್ತಳು. ಅಪಘಾತವೋ ಆತ್ಮಹತ್ಯೆಯೋ ತಿಳಿಯಲು ಹೆತ್ತವರು ಅವಳ ಫೇಸ್‌ಬುಕ್ ಸಂದೇಶ ಕೇಳಿದರು, ಕಂಪನಿ ಒಪ್ಪಲಿಲ್ಲ. ಪತ್ರ, ದಿನಚರಿಗಳಂತೆ ಖಾತೆಯೂ ವಾರಸಿಗೆ ಸೇರುತ್ತದೆ ಎಂದು ಜರ್ಮನಿಯ ಫೆಡರಲ್ ನ್ಯಾಯಾಲಯ 2018ರಲ್ಲಿ ಹೇಳಿತು. ಆ ತಂದೆತಾಯಿಯ ಮಟ್ಟಿಗೆ ಅದು ನ್ಯಾಯವೇ. ಆದರೆ ಯಾರ ಇನ್‌ಬಾಕ್ಸ್ ತೆಗೆದರೂ ಅರ್ಧ ಮಾತು ಇನ್ನೊಬ್ಬರದು, ನಂಬಿ ಹೇಳಿದ್ದು. ಯಾವುದು ತೆರೆಯಬೇಕು, ಯಾವುದು ಅಳಿಯಬೇಕು ಎಂದು ತೂಗಬಲ್ಲವರು ಬದುಕಿರುವ ಖಾತೆದಾರರೇ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 14ನೇ ಕಲಮೂ ತಮ್ಮ ನಂತರ ದತ್ತಾಂಶದ ಹಕ್ಕು ಚಲಾಯಿಸಲು ಒಬ್ಬರನ್ನು ನಾಮನಿರ್ದೇಶನ ಮಾಡಲು ಅವಕಾಶ ಕೊಡುತ್ತದೆ. ಆಸ್ತಿ ಯಾರದೆಂಬುದಕ್ಕೆ ಮಾತ್ರ ಇಬ್ಬರು ಸಾಕ್ಷಿಗಳ ಸಹಿಯಿರುವ ವಿಲ್ ಬೇಕೇ ಬೇಕು. ನಾಮಿನಿಯಾದ ಮಾತ್ರಕ್ಕೆ ಒಡೆಯರಾಗುವುದಿಲ್ಲ. ವಿಲ್‌ನಲ್ಲಿ ಪಾಸ್‌ವರ್ಡ್ ಬರೆಯಬಾರದು, ಯಾವ ಯಾವ ಖಾತೆಗಳಿವೆ ಎಂಬ ಪಟ್ಟಿ ಸಾಕು. ವಾಟ್ಸ್‌ಆ್ಯಪ್ ಖಾತೆ ಸಾಮಾನ್ಯವಾಗಿ 120 ದಿನ ಬಳಸದಿದ್ದರೆ ಅಳಿದುಹೋಗುತ್ತದೆ. ಉಳಿಯಬೇಕಾದ ಸಂದೇಶಗಳಿದ್ದರೆ ಎಕ್ಸ್‌ಪೋರ್ಟ್ ಮಾಡಿ ಈಗಲೇ ಬೇರೆ ಕಡೆ ಇಡಬೇಕು.