ಕಪ್ಪು ಪರದೆಯ ಪಂಚಾಯಿತಿ

ಊರು ಬಿಟ್ಟು ಪುಣೆಯಲ್ಲಿ ಸಂಸಾರ ಹೂಡಿದವರ ಮನೆಯಲ್ಲಿ ಓದಲು ಬಂದ ಹುಡುಗನೊಬ್ಬ ಇದ್ದೇ ಇರುತ್ತಾನೆ. ನಮ್ಮ ಮನೆಯಲ್ಲಿರುವವನು ನಮ್ಮಾಕೆಯ ತಮ್ಮ, ಹುಬ್ಬಳ್ಳಿಯ ಹುಡುಗ. ಆರು ತಿಂಗಳು ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟ ಹಣದಿಂದ ಗೇಮಿಂಗ್ ಮಾನಿಟರೊಂದನ್ನು ಸೆಕೆಂಡ್‌ಹ್ಯಾಂಡ್ ಕೊಂಡು ತಂದ. ಆ ಸಂಜೆ ಆಟ ಹೂಡಿದರೆ ಹಗಲಿನ ದೃಶ್ಯವೆಲ್ಲ ಸೊಗಸು. ಗುಹೆ ಹೊಕ್ಕೊಡನೆ ಗೋಡೆಯಿಲ್ಲ, ಬಾಗಿಲಿಲ್ಲ, ಬರೀ ಮಸಿ!

ಕಚೇರಿಯ ಗಾಂಭೀರ್ಯದಿಂದ ನಾವು, "ಮೋಸ ಹೋದಿ! ಹಿರಿಯರನ್ನ ಒಂದು ಮಾತು ಕೇಳಬಾರದಿತ್ತೇನೋ?" ಎಂದುಬಿಟ್ಟೆವು. ಹುಡುಗ ಮಾತಾಡಲಿಲ್ಲ, ಊಟಕ್ಕೂ ಏಳಲಿಲ್ಲ. ನಮ್ಮಾಕೆ ಸಾರು ಬಡಿಸಿದ ರಭಸದಲ್ಲಿಯೇ ತಪ್ಪು ಯಾರದೆಂದು ನಮಗೆ ತಿಳಿಯಿತು.

ಪ್ರಾಯಶ್ಚಿತ್ತವಾಗಿ ನಾವೇ ಗುಂಡಿ ಒತ್ತಿ ಬ್ರೈಟ್‌ನೆಸ್ಸನ್ನು ತುದಿಗೇರಿಸಿದೆವು. ಮಸಿ ಬೂದಿಯಾಯಿತೇ ಹೊರತು ಗೋಡೆ ಕಾಣಲಿಲ್ಲ.

ಮರುದಿನ ಭಾನುವಾರ ಹುಡುಗನೇ ಕಾರಣ ಹುಡುಕಿದ. ಕಂಪ್ಯೂಟರು ಬೆಳಕನ್ನು 0 ಯಿಂದ 255 ರವರೆಗೆ ಮೆಟ್ಟಿಲುಗಳಾಗಿ ಎಣಿಸುತ್ತದೆ. 0 ಕಡುಗಪ್ಪು, 255 ಅಚ್ಚಬಿಳುಪು. ಟೆಲಿವಿಷನ್ನಿನ ಲೆಕ್ಕ ಬೇರೆ: ಅಲ್ಲಿ ಕಪ್ಪು 16 ರಲ್ಲಿ, ಬಿಳುಪು 235 ರಲ್ಲಿ. ಹಿಂದಿನವರು ಈ ಮಾನಿಟರನ್ನು ಟೆಲಿವಿಷನ್ ನೋಡಲು ಬಳಸಿದ್ದಿರಬೇಕು. ಅದು ಆ ಲೆಕ್ಕಕ್ಕೇ ಹೊಂದಿಕೊಂಡಿತ್ತು. ಹೀಗಾಗಿ ಕಂಪ್ಯೂಟರು ಕಳುಹಿಸಿದ 16 ರ ಕೆಳಗಿನ ಮೆಟ್ಟಿಲುಗಳೆಲ್ಲ ಒಂದೇ ಕಪ್ಪಿನಲ್ಲಿ ಮುಳುಗಿದವು. ಗುಹೆಯ ಗೋಡೆ ಇದ್ದುದು ಆ ಮೆಟ್ಟಿಲುಗಳಲ್ಲಿಯೇ. ಬ್ರೈಟ್‌ನೆಸ್ ಪರದೆಯ ಹಿಂದಿನ ದೀಪವನ್ನು ಏರಿಸೀತು. ಅಳಿಸಿಹೋದುದನ್ನು ಮರಳಿ ಬರೆಯದು.

ಮಾನಿಟರಿನ ಮೆನುವಿನಲ್ಲಿ 'ಬ್ಲ್ಯಾಕ್ ಲೆವೆಲ್' ಬದಲಿಸಿದೊಡನೆ ಹುಡುಗ ಕೂಗಿದ: "ಭಾವಾ, ಗ್ವಾಡಿ ಕಾಣಸ್ಲಿಕ್ಕತ್ತದ ನೋಡ್ರಿ!"

ವಾಚಕರ ಮನೆಗಳಲ್ಲಿಯೂ ಇಂಥ ಹುಡುಗರಿರುವುದರಿಂದ ಕ್ರಮವನ್ನು ಹೇಳಿಬಿಡುತ್ತೇವೆ. ಮೊದಲು, ಕಿಟಕಿಯ ಬೆಳಕು ಪರದೆಗೆ ಬೀಳದಂತೆ ಮಾಡಿ, ನೇರ ಎದುರಿಗೆ ಕುಳಿತು ನೋಡಿರಿ. ಕತ್ತಲಿನ ವಿವರ ಮುಳುಗಿದ್ದರೆ ಮೇಲೆ ಹೇಳಿದ ದೋಷವನ್ನು ಶಂಕಿಸಿರಿ. ಎಲ್ಲವೂ ಮಂಜು ಕವಿದಂತಿದ್ದರೆ ಅದರ ತಿರುವುಮುರುವು: ಕಂಪ್ಯೂಟರು ಟೆಲಿವಿಷನ್ ಲೆಕ್ಕದಲ್ಲಿ ಕಳುಹಿಸುತ್ತಿದೆ, ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ 'ಲಿಮಿಟೆಡ್' ತೆಗೆದು 'ಫುಲ್' ಎಂದಿಡಬೇಕು. ಎರಡೂ ಕಡೆಯ ಲೆಕ್ಕ ಒಂದೇ ಆಗಬೇಕು, ಅಷ್ಟೆ. ಅನಂತರ ಗಾಮಾವನ್ನು 2.2 ಕ್ಕೆ ತನ್ನಿರಿ. ಎಚ್‌ಡಿಆರ್ ಹಾಕಿದಾಗ ಬಣ್ಣ ಪೇಲವವಾದರೆ ಅದನ್ನು ಆರಿಸಿ ನೋಡಿರಿ. ನೆರಳನ್ನು ತಿಳಿಗೊಳಿಸುವ 'ಬ್ಲ್ಯಾಕ್ ಈಕ್ವಲೈಜರ್' ಕೊನೆಗೆ, ಉಪ್ಪಿನಕಾಯಿಯಷ್ಟು ಮಾತ್ರ. ಹೆಚ್ಚಾದರೆ ಕಪ್ಪೇ ಬಿಳಚಿಕೊಳ್ಳುತ್ತದೆ.

ಇಷ್ಟಾದರೂ ಕತ್ತಲೆಕೋಣೆಯಲ್ಲಿ ಕಪ್ಪು ಬೂದಿಯೆನಿಸಿದರೆ ಅದು ಪರದೆಯ ಹುಟ್ಟುಗುಣ. ಸಾಧಾರಣ ಐಪಿಎಸ್ ಪರದೆಯಲ್ಲಿ ಬಿಳುಪು ಕಪ್ಪಿಗಿಂತ ಸುಮಾರು 1000 ಪಟ್ಟು ಪ್ರಕಾಶಮಾನ. ವಿಎ ಪರದೆಯಲ್ಲಿ ಸುಮಾರು 3000 ಪಟ್ಟು. ಮಾನಿಟರಿನ ಹಿಂದಿನ ಗೋಡೆಗೆ ಬೆಳಕು ಬೀಳುವಂತೆ ಸಣ್ಣ ದೀಪವಿಟ್ಟರೆ ಕಣ್ಣಿಗೆ ಕಪ್ಪು ಗಾಢವೆನಿಸುತ್ತದೆ. ಹೊಸದಕ್ಕೆ ಹಣ ಸುರಿಯುವ ಮೊದಲು ಇಷ್ಟನ್ನು ಮಾಡಿ ನೋಡಬೇಕು.

ಮಾರಿದವನು ಮೋಸಗಾರನಾಗಿರಲಿಲ್ಲ, ಕೊಂಡವನು ದಡ್ಡನಾಗಿರಲಿಲ್ಲ. ಕಡತವನ್ನು ಪೂರ್ತಿ ಓದದೆ ಷರಾ ಬರೆಯಬಾರದೆಂದು ಕಚೇರಿಯಲ್ಲಿ ಕಿರಿಯರಿಗೆ ನಿತ್ಯ ಹೇಳುವವರು ನಾವೇ. ಆ ರಾತ್ರಿ ಹುಡುಗನ ಪಕ್ಕದಲ್ಲಿ ಕುಳಿತು, "ನಿನ್ನೆ ಅಂದದ್ದು ತಪ್ಪಾಯಿತಪ್ಪಾ" ಎಂದೆವು. ಸಾರು ನಿಧಾನವಾಗಿ ಬಂದಿತು.